ತಾರೆಯೂ ತಂಡವೂ

(ಶಾಲೆಯ ಶತಮಾನೋತ್ಸವದ ಕ್ರೀಡಾ ದಿನದಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ವೇದಿಕೆಯಲ್ಲಿ ಶಾಲೆಯ ಚರಿತ್ರೆಯನ್ನು ಹೇಳುವುದು ರೂಢಿ. ಆ ಕಾರ್ಯವನ್ನು ನನಗಿಂತ ಬಲ್ಲವರು ಸ್ಮರಣ ಸಂಚಿಕೆಯಲ್ಲಿ ಮಾಡಲಿದ್ದಾರೆ. ಇಂದು ಕ್ರೀಡಾ ದಿನವಾದುದರಿಂದ, ನಮ್ಮ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವನ್ನು ಕುರಿತು ನೆಗಮಂನಲ್ಲಿ ಎದ್ದಿರುವ ಒಂದು ಪ್ರಶ್ನೆಗೆ ನಾನು ಉತ್ತರಿಸಬೇಕಾಗಿದೆ.

ತಂಡದಲ್ಲಿ ಎತ್ತರವೂ ಚುರುಕೂ ಕೂಡಿದ ವಿದ್ಯಾರ್ಥಿನಿಯೊಬ್ಬಳು ಇದ್ದಾಳೆ. ಚೆಂಡನ್ನೆಲ್ಲ ಅವಳ ಕೈಗೇ ಕೊಟ್ಟರೆ ಪೊಳ್ಳಾಚಿಯ ದೊಡ್ಡ ಶಾಲೆಗಳನ್ನೂ ಸೋಲಿಸಬಹುದು. ಶತಮಾನದ ವರ್ಷದಲ್ಲಿ ಒಂದು ಕಪ್ ಬಂದರೆ ಶಾಲೆಗೆ ಹೆಸರು ಬರುತ್ತದೆ, ಕುಗ್ಗುತ್ತಿರುವ ದಾಖಲಾತಿಗೂ ಬಲ ಬರುತ್ತದೆ. ಆದುದರಿಂದ ಕ್ರೀಡೆಗೆಂದು ಕೂಡಿಸಿರುವ ಹಣವನ್ನು ಅವಳೊಬ್ಬಳ ತರಬೇತಿಗೇ ವಿನಿಯೋಗಿಸಬಾರದೇಕೆ? ಹೀಗೆ ಕೇಳುವವರು ಶಾಲೆಯ ಹಿತೈಷಿಗಳೇ. ಕನ್ನಡ ಮಾಧ್ಯಮದ ಶಾಲೆಯೊಂದು ತಮಿಳುನಾಡಿನಲ್ಲಿ ಉಳಿಯಬೇಕಾದರೆ ಪ್ರತಿ ವರ್ಷವೂ ಮಕ್ಕಳು ಸೇರಬೇಕು ಎಂಬ ಕಳವಳ ಅವರಿಗಿರುವಂತೆಯೇ ನನಗೂ ಇದೆ. ಆದುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ.

ಮೊದಲು ಆಟದ ಸ್ವರೂಪವನ್ನು ನೋಡೋಣ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಅವರೂ ಒಬ್ಬ ಶಿಕ್ಷಕರೇ. ಚಳಿಗಾಲದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಒಳಾಂಗಣದಲ್ಲಿ ಚಟುವಟಿಕೆಯಿಂದಿರಿಸಲು ಅವರು ಹದಿಮೂರು ನಿಯಮಗಳನ್ನು ಬರೆದರು. ಚೆಂಡನ್ನು ಹಿಡಿದು ಓಡಕೂಡದು, ಹಿಡಿದ ಸ್ಥಳದಿಂದಲೇ ಎಸೆಯಬೇಕು ಎಂಬುದು ಅವುಗಳಲ್ಲೊಂದು. ಎಂದರೆ, ಚೆಂಡನ್ನು ಮತ್ತೊಬ್ಬರಿಗೆ ಕೊಡುವುದು ಈ ಆಟದ ಹುಟ್ಟಿನಲ್ಲಿಯೇ ಇದೆ. ಪುಟಿಸುತ್ತ ಸಾಗುವ ಡ್ರಿಬ್ಲಿಂಗ್ ಆಮೇಲೆ ಬಂದುದು.

ಇನ್ನು ಸರಳವಾದ ಒಂದು ಲೆಕ್ಕ. ಅಂತಾರಾಷ್ಟ್ರೀಯ ನಿಯಮದಂತೆ ಪಂದ್ಯದ ಅವಧಿ 40 ನಿಮಿಷ. ಚೆಂಡು ಎರಡು ತಂಡಗಳಿಗೂ ಸಮನಾಗಿ ಸಿಕ್ಕರೆ ಒಂದು ತಂಡದ ಪಾಲು 20 ನಿಮಿಷ. ಐವರಿಗೆ ಹಂಚಿದರೆ ತಲಾ 4 ನಿಮಿಷ. ಉಳಿದ 36 ನಿಮಿಷ ಆಟಗಾರ್ತಿಯ ಕೈಯಲ್ಲಿ ಚೆಂಡಿರುವುದಿಲ್ಲ. ತಂಡದ ಪಾಲಿನ ಅರ್ಧವನ್ನು ತಾರೆಯೊಬ್ಬಳಿಗೇ ಕೊಟ್ಟರೂ ಅವಳು 30 ನಿಮಿಷ ಚೆಂಡಿಲ್ಲದೆಯೇ ಆಡಬೇಕು. ಆ ಹೊತ್ತಿನಲ್ಲಿ ಎದುರಾಳಿಯನ್ನು ತಡೆಯುವುದು, ಗೆಳತಿಗೆ ದಾರಿ ಬಿಡಿಸುವುದು, ಬುಟ್ಟಿಗೆ ತಾಗಿ ಮರಳಿದ ಚೆಂಡನ್ನು ಹಿಡಿಯುವುದು, ಇವೇ ಆಟದ ಬಹುಭಾಗ. ಇವು ಐವರಿಗೂ ಬರಬೇಕು. ಮೇಲಾಗಿ ಐದು ಫೌಲ್ ಮಾಡಿದವಳು ಹೊರಗೆ ನಡೆಯಬೇಕು. ಒಬ್ಬಳನ್ನೇ ನಂಬಿದ ತಂಡದ ಎದುರು ಜಾಣ ತರಬೇತುದಾರರು ಮೊದಲು ಮಾಡುವ ಕೆಲಸವೆಂದರೆ, ಅವಳ ಮೇಲೆಯೇ ನುಗ್ಗಿ ಅವಳಿಂದ ಫೌಲ್ ಮಾಡಿಸುವುದು.

ತಾರೆಯಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. 1986ರ ಏಪ್ರಿಲ್ 20ರಂದು ಶಿಕಾಗೊ ಬುಲ್ಸ್ ತಂಡದ ಮೈಕೆಲ್ ಜೋರ್ಡಾನ್ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ ಒಬ್ಬರೇ 63 ಅಂಕ ಗಳಿಸಿದರು. ಆ ಪಂದ್ಯದಲ್ಲಿ ಗೆದ್ದದ್ದು ಮಾತ್ರ ಬಾಸ್ಟನ್. 1989ರಲ್ಲಿ ಫಿಲ್ ಜಾಕ್ಸನ್ ಶಿಕಾಗೊದ ಮುಖ್ಯ ತರಬೇತುದಾರರಾದರು. ಐವರೂ ಸ್ಥಾನ ಬದಲಿಸುತ್ತ ಚೆಂಡನ್ನು ಹಂಚಿಕೊಳ್ಳುವ ತ್ರಿಕೋನ ಪದ್ಧತಿಯನ್ನು ಅವರು ತಂಡಕ್ಕೆ ರೂಢಿ ಮಾಡಿಸಿದರು. 1991ರಲ್ಲಿ ಶಿಕಾಗೊ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಆ ವರ್ಷವೂ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಜೋರ್ಡಾನ್ ಅವರೇ ಎಂಬುದನ್ನು ಗಮನಿಸಬೇಕು. ತಾರೆಯ ಪ್ರಭೆ ಕುಂದಲಿಲ್ಲ. ಚೆಂಡು ಸಾಗುವ ದಾರಿಗಳು ಹೆಚ್ಚಾದವು, ಅಷ್ಟೆ.

ತಾರೆಗಳನ್ನೇ ರಾಶಿ ಹಾಕಿದರೂ ತಂಡವಾಗದು ಎಂಬುದಕ್ಕೆ 2004ರ ಅಥೆನ್ಸ್ ಒಲಿಂಪಿಕ್ಸ್ ಸಾಕ್ಷಿ. ಟಿಮ್ ಡಂಕನ್, ಅಲೆನ್ ಐವರ್ಸನ್, ಲೆಬ್ರಾನ್ ಜೇಮ್ಸ್ ಅವರಂಥವರಿದ್ದ ಅಮೆರಿಕ, ಪೋರ್ಟೊ ರಿಕೊ ಎಂಬ ಪುಟ್ಟ ದ್ವೀಪದ ಎದುರು 73–92ರಿಂದ ಸೋತಿತು. ಸೆಮಿಫೈನಲ್‌ನಲ್ಲಿ 89–81ರಿಂದ ಅದನ್ನು ಮಣಿಸಿದ ಅರ್ಜೆಂಟೀನಾ ಕೊನೆಗೆ ಚಿನ್ನ ಗೆದ್ದಿತು. ಅರ್ಜೆಂಟೀನಾದಲ್ಲಿಯೂ ಮನು ಜಿನೊಬಿಲಿ ಎಂಬ ತಾರೆ ಇದ್ದರು; ಆ ಸೆಮಿಫೈನಲ್‌ನಲ್ಲಿ ಅವರದೇ 29 ಅಂಕ. ಆದರೆ ಆ ಆಟಗಾರರಲ್ಲಿ ಹಲವರು ವರ್ಷಗಳಿಂದ ಜೊತೆಗೂಡಿ ಆಡಿದವರು. ಒಬ್ಬನು ಎತ್ತ ತಿರುಗುವನೆಂಬುದು ಇನ್ನೊಬ್ಬನಿಗೆ ತಿಳಿದಿತ್ತು.

ದೂರದ ದೇಶಗಳ ಮಾತು ಸಾಕು. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್‌ನ ಎರಡನೆಯ ದರ್ಜೆಯ ಪಂದ್ಯಾವಳಿ ನಡೆಯಿತು. ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೊದಲ ದರ್ಜೆಗೆ ಏರಿದರು. ಕರ್ನಾಟಕ, ಕೇರಳ, ಮಹಾರಾಷ್ಟ್ರ, ತಮಿಳುನಾಡು ಎಂದು ಬೇರೆ ಬೇರೆ ನುಡಿಯ ಮನೆಗಳಿಂದ ಬಂದವರು ಅವರು. ತಮಿಳುನಾಡಿನ ಅನಿತಾ ಪಾಲ್‌ದುರೈ, 2021ರಲ್ಲಿ ಪದ್ಮಶ್ರೀ ಪಡೆದವರು, ಆ ತಂಡದಲ್ಲಿದ್ದರು. ಅಂತರ ಎರಡೇ ಅಂಕ, ಎಂದರೆ ಒಂದೇ ಬುಟ್ಟಿ. ಅಷ್ಟು ಕಿರಿದಾದ ಗೆಲುವಿನಲ್ಲಿ ಯಾರ ಬುಟ್ಟಿಯನ್ನು ಕಳೆದರೂ, ಯಾರ ತಡೆಯನ್ನು ಕಳೆದರೂ ಫಲ ಬೇರೆಯಾಗುತ್ತಿತ್ತು.

ಇಷ್ಟಾದರೂ, ವೃತ್ತಿಪರ ತಂಡಕ್ಕೂ ಶಾಲೆಯ ತಂಡಕ್ಕೂ ವ್ಯತ್ಯಾಸವಿದೆ ಎಂಬುದೇ ನನ್ನ ಮುಖ್ಯವಾದ ಮಾತು. ಅಲ್ಲಿ ಕೇಳಬೇಕಾದ ಪ್ರಶ್ನೆ, ಗೆದ್ದವರು ಯಾರು ಎಂಬುದು. ಇಲ್ಲಿ ಇನ್ನೊಂದನ್ನೂ ಕೇಳಬೇಕು: ಮೈದಾನದಲ್ಲಿ ಉಳಿದವರು ಎಷ್ಟು ಮಂದಿ? ಒಬ್ಬಳಿಗಾಗಿ ಕಟ್ಟಿದ ತಂಡದಲ್ಲಿ ಉಳಿದವರು ಮೊದಲು ಚೆಂಡನ್ನು ಕೇಳುವುದನ್ನು ಬಿಡುತ್ತಾರೆ. ಬಳಿಕ ಅಭ್ಯಾಸಕ್ಕೆ ಬರುವುದನ್ನು ಬಿಡುತ್ತಾರೆ. ದೊಡ್ಡವಳಾದಳು, ಇನ್ನು ಆಟವೇಕೆ ಎಂದು ಮನೆಯಲ್ಲಿ ಕೇಳಿದಾಗ ಉತ್ತರ ಹೇಳಲು ಅವರಲ್ಲಿ ಕಾರಣವೇ ಇರುವುದಿಲ್ಲ. ನಮ್ಮದು ಚಿಕ್ಕ ಶಾಲೆ. ಪಂದ್ಯದ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳನ್ನು ತುಂಬುವುದೇ ನಮಗೆ ಶ್ರಮ. ಈ ವರ್ಷ ಒಬ್ಬಳ ಬಲದಿಂದ ಕಪ್ ತಂದು, ಅವಳು ಶಾಲೆ ಬಿಟ್ಟ ಮರುವರ್ಷ ತಂಡವೇ ಇಲ್ಲವೆಂದರೆ ಆ ಕಪ್ಪನ್ನು ನೋಡಿ ಯಾರು ಸೇರುತ್ತಾರೆ?

ಆ ಪ್ರತಿಭಾವಂತೆಗೂ ಇದು ನ್ಯಾಯವಲ್ಲ. ಇನ್ನೂ ಬೆಳೆಯುತ್ತಿರುವ ಮಂಡಿಗಳ ಮೇಲೆ ಇಡೀ ಶಾಲೆಯ ಮಾನವನ್ನು ಹೊರಿಸಬಾರದು. ಸೋತರೆ ಅವಳೊಬ್ಬಳೇ ಸೋತಂತೆ ಆಗಬಾರದು. ಮುಂದೆ ಜಿಲ್ಲೆಯ ತಂಡಕ್ಕೆ ಹೋದಾಗ ಅಲ್ಲಿ ತನ್ನಷ್ಟೇ ಎತ್ತರದವರು ಇರುತ್ತಾರೆ; ಚೆಂಡು ಕೊಡುವುದನ್ನು ಇಲ್ಲಿ ಕಲಿಯದಿದ್ದರೆ ಅಲ್ಲಿ ಅವಳಿಗೆ ಕಷ್ಟ.

ನೆಗಮಂನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹತ್ತಿಯ ಸೀರೆ ನಮ್ಮ ಊರಿನ ಹೆಸರನ್ನು ಹೊತ್ತು ದೂರ ದೂರಕ್ಕೆ ಹೋಗುತ್ತದೆ. ಕೊಳ್ಳುವವರು ಮೆಚ್ಚುವುದು ಅಂಚನ್ನೂ ಸೆರಗನ್ನೂ. ಆದರೆ ಹಾಸು ಸಡಿಲವಾದರೆ ಅಂಚು ನಿಲ್ಲುವುದಿಲ್ಲವೆಂದು ಮಗ್ಗದ ಮುಂದೆ ಕುಳಿತವರಿಗೆ ಗೊತ್ತು. ಕಂಡಿಕೆ ಸುತ್ತಿಕೊಡುವ ಅಜ್ಜಿಯ ಕೈ ನಿಂತರೆ ಲಾಳಿಯೂ ನಿಲ್ಲುತ್ತದೆ. ಹಾಗೆಂದು ಸೀರೆಗೆ ಸೆರಗು ಬೇಡವೆಂದು ಯಾರೂ ಹೇಳುವುದಿಲ್ಲ. ಸಮತೋಲವೆಂದರೆ ಎಲ್ಲರೂ ಒಂದೇ ಕೆಲಸ ಮಾಡುವುದಲ್ಲ. ಯಾರ ಕೆಲಸವೂ ವ್ಯರ್ಥವಾಗದಂತೆ ನೋಡಿಕೊಳ್ಳುವುದು.

ಆದುದರಿಂದ ದೈಹಿಕ ಶಿಕ್ಷಣದ ಶಿಕ್ಷಕರೊಡನೆ ಸಮಾಲೋಚಿಸಿ ಮೂರು ನಿರ್ಧಾರಗಳನ್ನು ಕೈಗೊಂಡಿದ್ದೇವೆ. ಒಂದು, ಕ್ರೀಡಾ ನಿಧಿಯಿಂದ ಮೊದಲು ಹನ್ನೆರಡು ಮಂದಿಗೂ ಬೂಟು ಹಾಗೂ ಅಭ್ಯಾಸಕ್ಕೆ ಸಾಕಷ್ಟು ಚೆಂಡುಗಳನ್ನು ಕೊಳ್ಳಲಾಗುವುದು. ಎರಡು, ಅಭ್ಯಾಸದ ಆಟದಲ್ಲಿ ಮೂವರ ಕೈ ದಾಟಿ ಬಂದ ಚೆಂಡು ಬುಟ್ಟಿಗೆ ಬಿದ್ದರೆ ಮಾತ್ರ ಅಂಕ. ಮೂರು, ನಿಜವಾದ ಪಂದ್ಯದ ಕೊನೆಯ ಕ್ಷಣಗಳಲ್ಲಿ ಚೆಂಡು ಯಾರ ಕೈಯಲ್ಲಿರಬೇಕೆಂಬುದನ್ನು ತಂಡದವರೇ ತೀರ್ಮಾನಿಸಲಿ. ಅವರು ಆ ಎತ್ತರದ ಹುಡುಗಿಗೇ ಕೊಟ್ಟರೆ ನನಗೆ ಸಂತೋಷವೇ. ಅದು ಗೆಳತಿಯರು ನಂಬಿ ಕೊಟ್ಟ ಚೆಂಡಾಗಿರುತ್ತದೆ.

ಈ ವರ್ಷ ಕಪ್ ಬಾರದೆ ಹೋಗಬಹುದು. ಹಾಗಾದರೆ ಅದರ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಬೇಡಿರಿ, ನನ್ನನ್ನು ಕೇಳಿರಿ. ಹಿತೈಷಿಗಳಲ್ಲಿ ನನ್ನ ಬೇಡಿಕೆ ಒಂದೇ: ಪಂದ್ಯ ನೋಡಲು ಬಂದಾಗ ಬುಟ್ಟಿಗೆ ಹಾಕಿದವಳ ಹೆಸರಿನೊಡನೆ ಚೆಂಡು ಕೊಟ್ಟವಳ ಹೆಸರನ್ನೂ ಕೂಗಿರಿ. ಆ ಹೆಸರನ್ನು ಕೇಳಿದ ಹುಡುಗಿ ಮರುದಿನ ಅಭ್ಯಾಸಕ್ಕೆ ಬರುತ್ತಾಳೆ.