ಬಸುರಿಯ ಕೆಲಸ, ಬಾಣಂತಿಯ ರಜೆ

ಕಡೂರು, ತರೀಕೆರೆ, ಅಜ್ಜಂಪುರದಿಂದ ಬಂದಿರುವ ಅಕ್ಕತಂಗಿಯರೇ,

ದಿನಗೂಲಿಯವಳಿಗೆ ಹೆರಿಗೆ ರಜೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ದಿಲ್ಲಿಯ ನಗರಪಾಲಿಕೆಯೂ ರಸ್ತೆ ಕೆಲಸದ ಹೆಂಗಸರಿಗೆ ಹಾಗೆಯೇ ಅಂದಿತ್ತು. ಅವರು ಬಿಡಲಿಲ್ಲ. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮಹಿಳಾ ದಿನದಂದೇ, ನೋಡಿ!

1961ರ ಕಾಯ್ದೆಯ ಮಾತು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಹತ್ತು ಜನ ದುಡಿಯುವ ಕಾರ್ಖಾನೆ, ಅಂಗಡಿಗಳಲ್ಲಿ ಹೆರಿಗೆಯಾದ ಅಥವಾ ಗರ್ಭ ಇಳಿದ ಮೇಲೆ ಆರು ವಾರ ಕೆಲಸಕ್ಕೆ ಹಚ್ಚುವಂತಿಲ್ಲ. ಹೆರಿಗೆಗೆ ಮುಂಚಿನ ಸುಮಾರು ಹತ್ತು ವಾರ, ನಾವು ಕೇಳಿಕೊಂಡರೆ, ಮೈಮುರಿಯುವ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಹೇಳುವಂತಿಲ್ಲ.

'ಕೇಳಿಕೊಂಡರೆ' ಎಂಬಲ್ಲೇ ನನಗೆ ಸಂಕಟ. ಕೂಲಿ ತರದಿದ್ದರೆ ಹೊಡೆಯುವ ಗಂಡ ಮನೆಯಲ್ಲಿರುವಾಗ ಯಾರು ಬಾಯಿಬಿಟ್ಟು ಕೇಳುತ್ತಾರೆ? ಆದ್ದರಿಂದ ಸಂಘದ ಇಬ್ಬರು ಜೊತೆಗೆ ಹೋಗಿ. ಡಾಕ್ಟರ ಚೀಟಿಯೊಂದಿಗೆ ಅರ್ಜಿ ಕೊಟ್ಟು, ನಕಲಿಗೆ ಸಹಿ ಹಾಕಿಸಿಕೊಳ್ಳಿ.