ಗೋಡೆಯ ಆಸರೆ

ಶೇಡಬಾಳ ಜೈನ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಊರು. ಇಲ್ಲಿನ ಜೈನ ಮನೆತನಗಳಿಗೆ ಕಾಯೋತ್ಸರ್ಗ ಹೊಸದೇನಲ್ಲ. ಅಂದರೆ ಕೈ ಇಳಿಬಿಟ್ಟು, ಎರಡೂ ಪಾದಗಳ ಮೇಲೆ ಸಮಭಾರ ಹಾಕಿ, ಅಲುಗದೆ ನಿಲ್ಲುವುದು. ನೋಡಲಿಕ್ಕೆ ಸುಲಭ, ಐದು ನಿಮಿಷ ನಿಂತರೆ ಗೊತ್ತಾಗುತ್ತದೆ! ಮನೆಯಲ್ಲಿ ಯೋಗ ಶುರುಮಾಡುವವರು ಇಲ್ಲಿಂದಲೇ ಶುರುಮಾಡಲಿ ಎನ್ನುತ್ತೇನೆ. ನಾವೋ, ಮೊಬೈಲ್ ನೋಡಿ ಮೊದಲ ದಿನವೇ ಶೀರ್ಷಾಸನಕ್ಕೆ ಕೈಹಾಕುತ್ತೇವೆ.

ಈ ಊರಿನ ರೈಲು ಹಳಿ ಹಿಡಿದು ಮಿರಜ ದಾಟಿ ಮುಂದೆ ಹೋದರೆ ಪುಣೆ. ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಯೋಗ ಕಲಿಸಲು ಹೋಗಿ ನೆಲೆಸಿದ್ದು ಅಲ್ಲೇ. ಚಿಕ್ಕಂದಿನಲ್ಲೇ ಮಲೇರಿಯಾ, ಟೈಫಾಯ್ಡ್, ಕ್ಷಯ ಹಣಿದು ಹಾಕಿದ್ದ ಮೈ ಅವರದು. ಬಗ್ಗದ ದೇಹದ ಕಷ್ಟ ಬಲ್ಲವರು. ಗೋಡೆ, ಕುರ್ಚಿ, ಹಗ್ಗ, ಮರದ ಇಟ್ಟಿಗೆಗಳನ್ನೆಲ್ಲ ಆಸನಕ್ಕೆ ಆಸರೆಯಾಗಿಸಿದರು. ತ್ರಿಕೋನಾಸನದಲ್ಲಿ ಕೈ ನೆಲಕ್ಕೆ ಮುಟ್ಟದಿದ್ದರೆ ಕೆಳಗೊಂದು ಇಟ್ಟಿಗೆ ಇಡಿ, ಬೆನ್ನಿಗೆ ಗೋಡೆ ಕೊಡಿ. ಅದರಲ್ಲಿ ನಾಚಿಕೆ ಏನು?

ನುಣುಪು ಫರಸಿಯ ಮೇಲೆ ಜಮಖಾನೆ ಜಾರುತ್ತದೆ, ಜೋಕೆ. ಊಟವಾಗಿ ಮೂರು-ನಾಲ್ಕು ತಾಸು ಕಳೆದಿರಲಿ. ರಕ್ತದೊತ್ತಡ, ಗ್ಲಾಕೋಮಾ, ಕುತ್ತಿಗೆ ನೋವು ಇದ್ದವರು ತಲೆಕೆಳಗಾಗುವ ಆಸನಗಳ ಗೋಜಿಗೆ ಹೋಗಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಸ್ನಾಯು ಎಳೆದಂತಾಗುವುದು ಸಹಜ. ಕೀಲಿನಲ್ಲಿ ಚುಚ್ಚಿದರೆ, ಉಸಿರು ಕಟ್ಟಿದರೆ, ಅಲ್ಲಿಗೇ ನಿಲ್ಲಿಸಿ ಕುಳಿತುಬಿಡಿ. ಕಬ್ಬು ಕಡಿದು ಸೊಂಟ ಹಿಡಿದ ದಿನ ಶವಾಸನವೊಂದೇ ಸಾಕು.