ವಜ್ರದ ಹೊಟ್ಟೆಯೊಳಗೆ ಏನಿದೆ?

ಮಕ್ಕಳೇ, ನಿಮ್ಮ ಪೆನ್ಸಿಲ್ಲಿನ ಕಡ್ಡಿಗೆ ಕಪ್ಪು ಬಣ್ಣ ಕೊಡುವುದು ಇಂಗಾಲ. ಥಳಥಳ ಹೊಳೆಯುವ ವಜ್ರವೂ ಅದೇ ಇಂಗಾಲವೇ! ಆದರೆ ಪೆನ್ಸಿಲ್ಲು ಕಾಗದಕ್ಕೆ ತಾಗಿದರೂ ಸವೆಯುತ್ತದೆ, ವಜ್ರ ಗಾಜನ್ನೇ ಗೀರುತ್ತದೆ. ಯಾಕಿರಬಹುದು? ಬನ್ನಿ, ಒಳಗೆ ಇಣುಕೋಣ.

ಇಣುಕುವುದು ಸುಲಭವಲ್ಲ. ಬೆಳಕು ಅಲೆ ಅಲೆಯಾಗಿ ಬರುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ, ಇಂಗಾಲದ ಒಂದು ಪರಮಾಣುವಿಗಿಂತ ಸಾವಿರಾರು ಪಟ್ಟು ಉದ್ದ. ಸೌಟು ಹಿಡಿದು ಸಾಸಿವೆಯನ್ನು ಒಂದೊಂದೇ ಕಾಳಾಗಿ ಆರಿಸಲು ಹೋದಂತೆ! ಆದರೆ ಮುರಿದ ಮೂಳೆಯನ್ನು ತೋರಿಸುವ ಎಕ್ಸ್-ಕಿರಣ ಇದೆಯಲ್ಲ, ಅದರ ಅಲೆ ಬಹಳ ಪುಟ್ಟದು. ಹೆಚ್ಚುಕಡಿಮೆ ಪರಮಾಣುಗಳ ನಡುವಿನ ಸಂದಿಯಷ್ಟೇ.

ಕೆರೆಗೆ ಒಟ್ಟಿಗೆ ಎರಡು ಕಲ್ಲು ಎಸೆದು ನೋಡಿ. ಅಲೆಯ ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಇನ್ನಷ್ಟು ಮೇಲೇಳುತ್ತದೆ. ಉಬ್ಬಿಗೆ ತಗ್ಗು ಸಿಕ್ಕಿದಲ್ಲಿ ಸುಮ್ಮನಾಗುತ್ತದೆ.

ವಜ್ರದೊಳಗೆ ಪರಮಾಣುಗಳು ಅಡಿಕೆ ತೋಟದ ಮರಗಳಂತೆ ಸಾಲುಸಾಲಾಗಿ ನಿಂತಿವೆ. ಅವಕ್ಕೆ ತಾಗಿ ಮರಳುವ ಎಕ್ಸ್-ಕಿರಣಗಳದ್ದೂ ಕೆರೆಯ ಅಲೆಗಳ ಆಟವೇ. ಕೆಲವೇ ದಿಕ್ಕುಗಳಲ್ಲಿ ಅವು ಜೋರಾಗಿ ಹೊಮ್ಮುತ್ತವೆ. ಆ ದಿಕ್ಕುಗಳನ್ನು ಅಳೆದರೆ ಸಾಲಿನಿಂದ ಸಾಲಿಗೆ ಎಷ್ಟು ದೂರ ಎಂಬ ಲೆಕ್ಕ ಸಿಗುತ್ತದೆ.

1913ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹೆನ್ರಿ ಬ್ರ್ಯಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರ್ಯಾಗ್ ಹೀಗೆ ಅಳೆದೇ ವಜ್ರದ ಗುಟ್ಟು ಬಿಡಿಸಿದರು. ಹರಳುಗಳೊಳಗೆ ಇಣುಕುವ ಈ ವಿದ್ಯೆಗಾಗಿ 1915ರಲ್ಲಿ ಅಪ್ಪ-ಮಗ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು. ಮಗನಿಗೆ ಆಗ ಬರೀ 25 ವರ್ಷ!

ಅವರು ಕಂಡದ್ದನ್ನು ನೀವೂ ಮಾಡಿ ನೋಡಬಹುದು. ಜೇಡಿಮಣ್ಣಿನ ಒಂದು ಉಂಡೆಗೆ ಒಂದೇ ಅಳತೆಯ ನಾಲ್ಕು ಪೊರಕೆ ಕಡ್ಡಿ ಚುಚ್ಚಿ. ಮೂರು ಕಡ್ಡಿ ಸ್ಟೂಲಿನ ಕಾಲುಗಳಂತೆ ಕೆಳಗೆ, ಒಂದು ನೆಟ್ಟಗೆ ಮೇಲಕ್ಕೆ. ಯಾವ ಎರಡು ಕಡ್ಡಿ ನೋಡಿದರೂ ನಡುವಿನ ಅಗಲ ಒಂದೇ ಇರಲಿ. ಈಗ ಅದನ್ನು ಹೇಗೆ ಬೇಕಾದರೂ ಉರುಳಿಸಿ ನಿಲ್ಲಿಸಿ. ಮತ್ತೆ ಮೂರು ಕೆಳಗೆ, ಒಂದು ಮೇಲೆ! ವಜ್ರದಲ್ಲಿ ಪ್ರತಿ ಪರಮಾಣುವೂ ಹೀಗೆ ನಾಲ್ಕು ಕೈ ಚಾಚಿ, ನಾಲ್ಕು ಗೆಳೆಯರನ್ನು ಬಿಗಿಯಾಗಿ ಹಿಡಿದಿದೆ. ಎತ್ತ ಒತ್ತಿದರೂ ಹಿಡಿತ ಸಡಿಲವಾಗದು. ಅದಕ್ಕೇ ಅಷ್ಟು ಗಟ್ಟಿ.

ಪೆನ್ಸಿಲ್ಲಿನ ಇಂಗಾಲವೋ, ಪೇರಿಸಿಟ್ಟ ಹಪ್ಪಳದಂತೆ ಪದರ ಪದರ. ಬರೆಯುವಾಗ ಪದರಗಳು ಜಾರಿ ಕಾಗದಕ್ಕೆ ಅಂಟುತ್ತವೆ.

ನಿಮ್ಮ ಕಡ್ಡಿಗಳ ತುದಿಗೆ ಇನ್ನಷ್ಟು ಉಂಡೆ, ಅವಕ್ಕೂ ಕಡ್ಡಿ ಸಿಕ್ಕಿಸುತ್ತಾ ಹೋಗಿ. ಆರು ಉಂಡೆಗಳ ಅಂಕುಡೊಂಕು ಉಂಗುರವೊಂದು ಕಣ್ಣಿಗೆ ಬಿತ್ತೇ? ಬ್ರ್ಯಾಗ್ ಅಪ್ಪ-ಮಗನಿಗೂ ಅದು ಕಂಡಿತ್ತು!